ನಡುವಿನ ಹಾಳೆಗಳು

ಫೆಬ್ರುವರಿ ೩

ವಕೀಲಮ್ಮನಿಗೆ,

ಮೊನ್ನೆ ಫೋನ್ ಕುಕ್ಕಿದ್ದು ನಾನೇ. ಲೈನ್ ಕಟ್ಟಾಯಿತು ಅಂತ ನೀನು ನಿನ್ನ ಗಂಡನಿಗೆ ಹೇಳಿರುತ್ತೀಯ. ಹಾಗೆಲ್ಲ ನನ್ನ ಮಾನ ಉಳಿಸಬೇಕಾಗಿಲ್ಲ. ಅತ್ತೆಯ ಸಿಟ್ಟು ಎಂಥದ್ದು ಅಂತ ಅಳಿಯನಿಗೂ ಗೊತ್ತಿರಲಿ. ಚಿಕ್ಕಂದಿನಿಂದ ನೀನು ವಾದಕ್ಕೆ ನಿಂತರೆ ಬಿಡುವವಳಲ್ಲ, ಅದಕ್ಕೇ ತಾನೇ ನಿನಗೆ ವಕೀಲಮ್ಮ ಅಂತ ಹೆಸರಿಟ್ಟದ್ದು. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಇಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಕಾಗದದಲ್ಲಾದರೆ ಒಬ್ಬರು ಬರೆಯುವಾಗ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಲೇಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ ಸತ್ತವರ ಹೆಸರು ಓದಿ ಪ್ರಾರ್ಥಿಸುತ್ತಾರೆ, ಅದರಲ್ಲಿ ಅಪ್ಪನ ಹೆಸರನ್ನೂ ಸೇರಿಸಿದೆ ಅಂದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ನೀನು ಮದುವೆಯಾಗಿ ಕಥೊಲಿಕರ ಕಡೆ ಹೋದಾಗ ನಾನು ಅತ್ತುಬಿಟ್ಟೆ, ಆಮೇಲೆ ಸುಮ್ಮನಾದೆ. ನಿನ್ನ ಜೀವ, ನಿನ್ನ ನಂಬಿಕೆ. ಆದರೆ ಅವರು ನನ್ನ ಗಂಡ.

ನಮ್ಮ ಪ್ರಾರ್ಥನಾ ಮಂದಿರದಲ್ಲಿ ನಿನಗೂ ಕಲಿಸಿದ್ದಾರೆ. ಉಸಿರಿರುವಾಗಲೇ ಮನುಷ್ಯ ದೇವರ ಕಡೆ ತಿರುಗಬೇಕು, ಉಸಿರು ನಿಂತ ಮೇಲೆ ಯಾರು ಬೇಡಿಕೊಂಡರೂ ಏನೂ ಬದಲಾಗುವುದಿಲ್ಲ. ಸತ್ತವರಿಗಾಗಿ ಪ್ರಾರ್ಥಿಸಿ ಅಂತ ಸತ್ಯವೇದದಲ್ಲಿ ಎಲ್ಲೂ ಬರೆದಿಲ್ಲ. ಬರೆದಿಲ್ಲದ್ದನ್ನು ನಾವು ಮಾಡುವುದಿಲ್ಲ.

ನಿಮ್ಮಪ್ಪ ಅಲ್ಲಿಗೆ ಬರುವುದನ್ನು ಯಾಕೆ ಬಿಟ್ಟರು ಅಂತ ನಿನಗೆ ಸರಿಯಾಗಿ ಹೇಳಿರಲಿಲ್ಲ. ನೀನಾಗ ಚಿಕ್ಕವಳು. ಸಭೆಯ ನಡುವೆ ಎದ್ದು ನಿಂತು, ದೇವರ ಹೆಸರನ್ನೇ ಕೇಳದೆ ಸತ್ತವರ ಗತಿಯೇನು ಅಂತ ಕೇಳಿದರು. ಸಭೆ ನಡೆಸುತ್ತಿದ್ದ ಹಿರಿಯ ಸಹೋದರರು "ಕೂತ್ಕೊಳ್ಳಿ" ಅಂದರು. ಇವರು ಕೂರಲಿಲ್ಲ, ಹೊರಗೆ ನಡೆದರು. ಮತ್ತೆ ಒಳಗೆ ಬರಲೇ ಇಲ್ಲ. ಪ್ರತಿ ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದರು. ಮುಗಿಯುವ ತನಕ ಗೇಟಿನ ಹತ್ತಿರ ಸಿಗರೇಟು ಸೇದುತ್ತಾ ಕಾಯುತ್ತಿದ್ದರು. ಅಂಗಡಿ ಬೋರ್ಡ್ ಬರೆಯುವ ಕೈ, ಬೆರಳ ಸಂದಿಯಲ್ಲಿ ಯಾವತ್ತೂ ಬಣ್ಣ. ಆ ಕೈಯಲ್ಲಿ ಸತ್ಯವೇದ ಹಿಡಿದದ್ದನ್ನು ನಾನು ಆಮೇಲೆ ನೋಡಲಿಲ್ಲ.

ಅವರನ್ನು ಮಣ್ಣಿಗಿಟ್ಟ ದಿನ ಸಮಾಧಿಯ ಹತ್ತಿರ ಹಿರಿಯ ಸಹೋದರರು ಬದುಕಿರುವವರಿಗೆ ಎಚ್ಚರಿಕೆ ಹೇಳಿದರು. ಹೋದವರ ಬಗ್ಗೆ ಒಂದು ಮಾತೂ ಇಲ್ಲ. ನಾನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡೆ. ನಿಮ್ಮಪ್ಪ ಈಗ ಎಲ್ಲಿದ್ದಾರೆ ಅನ್ನುವ ಯೋಚನೆ ನನ್ನನ್ನು ಬಿಡುವುದಿಲ್ಲ. ನನ್ನ ಕೈಲಿ ಇನ್ನು ಏನೂ ಆಗುವುದಿಲ್ಲ ಅನ್ನುವುದು ಅದಕ್ಕಿಂತ ಕಷ್ಟ.

ಹೆಸರು ತೆಗೆಸು. ಮತ್ತೆ, ನಿಮಗೆ ಇದು ಎಲ್ಲಿ ಬರೆದಿದೆ? ಕೋಪದಲ್ಲಿ ಕೇಳುತ್ತಿಲ್ಲ, ತಿಳಿಯಬೇಕು ಅಂತ ಕೇಳುತ್ತಿದ್ದೇನೆ.

ಇಂತಿ,
ಅಮ್ಮ


ಫೆಬ್ರುವರಿ ೧೫

ಅಮ್ಮ,

ನಿನ್ನ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಕನ್ನಡಕ ತೆಗೆದುಕೊಳ್ಳಲು ಬಂದಿದ್ದವರೊಬ್ಬರು "ಏನಮ್ಮ, ನಿಮಗೇ ಕಣ್ಣಲ್ಲಿ ನೀರು ಬರ್ತಿದೆ, ನಮಗೆಂಥ ಗಾಜು ಕೊಡ್ತೀರಿ" ಅಂದರು.

ಹೆಸರು ತೆಗೆಸಿದ್ದೇನೆ. ನೀನು ಹೇಳುವ ತನಕ ಕೊಡುವುದಿಲ್ಲ. ನಿನ್ನನ್ನು ಕೇಳದೆ ಮಾಡಿದ್ದು ತಪ್ಪು. ಆದರೆ ಅದರ ಹಿಂದೆ ದೊಡ್ಡ ಸಿದ್ಧಾಂತವೇನೂ ಇರಲಿಲ್ಲ ಅಮ್ಮ. ಚರ್ಚಿನಲ್ಲಿ ಗುರುಗಳು ಒಂದೊಂದೇ ಹೆಸರು ಓದುತ್ತಿದ್ದರು. ಯಾರದೋ ಅಜ್ಜಿ, ಯಾರದೋ ತಮ್ಮ. ಎಲ್ಲರ ಹೆಸರೂ ಇದೆ, ನಮ್ಮಪ್ಪನ ಹೆಸರು ಯಾಕಿಲ್ಲ ಅಂತ ಹೊಟ್ಟೆಕಿಚ್ಚಾಯಿತು. ಅಷ್ಟೇ.

ಎಲ್ಲಿ ಬರೆದಿದೆ ಅಂತ ಕೇಳಿದೆಯಲ್ಲ. ನಮ್ಮ ಬೈಬಲಿನಲ್ಲಿದೆ, ನಿಮ್ಮ ಸತ್ಯವೇದದಲ್ಲಿಲ್ಲ. ನಮ್ಮದರಲ್ಲಿ ಏಳು ಪುಸ್ತಕ ಹೆಚ್ಚು. ಅದರಲ್ಲೊಂದು ಯುದ್ಧದ ಕಥೆ. ಕಾದಾಟ ಮುಗಿದ ಮೇಲೆ ಸೇನಾಪತಿ ತನ್ನ ಸೈನಿಕರ ಹೆಣಗಳನ್ನು ಹೂಳಿಸಲು ಹೋಗುತ್ತಾನೆ. ನೋಡಿದರೆ ಸತ್ತವರ ಅಂಗಿಯೊಳಗೆಲ್ಲ ಬೇರೆ ದೇವರ ತಾಯಿತಗಳು. ತಪ್ಪು ಮಾಡಿಕೊಂಡೇ ಸತ್ತವರು. ಆದರೂ ಅವನು ಅವರನ್ನು ಬಿಟ್ಟುಕೊಡುವುದಿಲ್ಲ. ಅವರ ಪಾಪ ಅಳಿಸಿಹೋಗಲಿ ಅಂತ ಎಲ್ಲರನ್ನೂ ಸೇರಿಸಿ ಬೇಡಿಕೊಳ್ಳುತ್ತಾನೆ, ಕಾಣಿಕೆ ಎತ್ತಿ ದೇವಾಲಯಕ್ಕೆ ಕಳಿಸುತ್ತಾನೆ. ಸತ್ತವರು ಮತ್ತೆ ಏಳುತ್ತಾರೆ ಅಂತ ಅವನು ನಂಬಿದ್ದರಿಂದ ಹಾಗೆ ಮಾಡಿದ, ಅದು ಒಳ್ಳೆಯ ಯೋಚನೆ ಅಂತ ಅಲ್ಲಿ ಬರೆದಿದೆ.

ನಾನದನ್ನು ಓದಿದ್ದು ಈಗ, ನೀನು ಕೇಳಿದ ಮೇಲೆ. ಹೆಸರು ಕೊಟ್ಟದ್ದು ಮೊದಲು.

ನಿನ್ನ,
ವಕೀಲಮ್ಮ


ಮಾರ್ಚ್ ೯

ವಕೀಲಮ್ಮನಿಗೆ,

ಏಳು ಪುಸ್ತಕ ಹೆಚ್ಚಂತೆ. ಕೇಳಿ ನನಗೆ ನಗು ಬಂತು, ಆಮೇಲೆ ತಲೆ ಕೆಟ್ಟಿತು. ಈ ಪುಸ್ತಕ ಕಟ್ಟುವ ಕೆಲಸದಲ್ಲಿ ಎಷ್ಟು ಸತ್ಯವೇದಗಳಿಗೆ ನಾನು ಹೊಸ ರಟ್ಟು ಕಟ್ಟಿಲ್ಲ. ಕಣ್ಣು ಮುಚ್ಚಿಕೊಂಡು ಹಾಳೆ ತಿರುವಿದರೂ ಯಾವ ಪುಸ್ತಕ ಎಲ್ಲಿ ಮುಗಿಯುತ್ತದೆ ಅಂತ ನನ್ನ ಹೆಬ್ಬೆರಳಿಗೆ ಗೊತ್ತು. ನಿಮ್ಮವರು ಸೇರಿಸಿದರೋ, ನಮ್ಮವರು ತೆಗೆದರೋ? ಸೇರಿಸಿದ್ದಾದರೆ ಯಾರ ಅಪ್ಪಣೆಯಿಂದ? ತೆಗೆದದ್ದಾದರೆ ಯಾರಿಗೆ ಅಷ್ಟು ಧೈರ್ಯ? ಮಂದಿರದಲ್ಲಿ ಹೆಂಗಸರು ಬಾಯಿ ತೆರೆಯುವ ಹಾಗಿಲ್ಲ, ಇಲ್ಲವಾದರೆ ಈ ಭಾನುವಾರವೇ ಕೇಳುತ್ತಿದ್ದೆ. ನಿಮ್ಮಪ್ಪನ ಗಾಳಿ ನನಗೂ ಬಡಿದಿದೆ.

ಆ ಸೇನಾಪತಿಯ ಕಥೆ ಮನಸ್ಸಿನಲ್ಲೇ ಕೂತಿದೆ. ಆದರೆ ಕಥೆ ಚೆನ್ನಾಗಿದ್ದ ಮಾತ್ರಕ್ಕೆ ಅದು ದೇವರ ಮಾತಾಗುವುದಿಲ್ಲ. ಮನಸ್ಸಿಗೆ ಹಿತವಾದದ್ದನ್ನೆಲ್ಲ ವೇದವಾಕ್ಯ ಅನ್ನುತ್ತಾ ಹೋದರೆ ಆಮೇಲೆ ನಮಗೆ ಬೇಕಾದ ದೇವರನ್ನು ನಾವೇ ಮಾಡಿಕೊಂಡ ಹಾಗೆ. ನನಗೆ ಭಯವಿರುವುದು ಅಲ್ಲಿ. ನನಗೆ ಇದು ನಿಜವಾಗಲಿ ಅನ್ನಿಸುತ್ತದೆ, ಅದಕ್ಕೇ ನಾನು ಇದನ್ನು ಇನ್ನಷ್ಟು ಅನುಮಾನದಿಂದ ನೋಡಬೇಕು.

ಅಂದ ಹಾಗೆ ಒಂದು ತಮಾಷೆ. ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರು ತಮ್ಮ ತಾಯಿಯ ಕಾಲದ ಸತ್ಯವೇದ ತಂದುಕೊಟ್ಟಿದ್ದರು, ಹೊಲಿಗೆಯೆಲ್ಲ ಬಿಟ್ಟುಹೋಗಿತ್ತು. ಬಿಚ್ಚಿ ನೋಡಿದರೆ ಹಳೆ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ಜಾಗದಲ್ಲಿ ಯಾವುದೋ ಬೇರೆ ಪುಸ್ತಕದ ಹಾಳೆಗಳು ಸೇರಿಕೊಂಡಿವೆ. ಪುಟದ ಸಂಖ್ಯೆ ಕೂಡ ಮತ್ತೆ ಒಂದರಿಂದ ಶುರು. ಹಿಂದೆ ಕಟ್ಟಿದವನು ಕುಡಿದು ಕಟ್ಟಿರಬೇಕು. ನಾನು ಅವನ್ನು ತೆಗೆದು ರದ್ದಿ ಡಬ್ಬಕ್ಕೆ ಹಾಕಿ, ಎರಡು ಒಡಂಬಡಿಕೆಗಳನ್ನೂ ಸರಿಯಾಗಿ ಜೋಡಿಸಿ ಹೊಲಿದಿಟ್ಟಿದ್ದೇನೆ. ಪುಸ್ತಕ ಎಷ್ಟು ಅಚ್ಚುಕಟ್ಟಾಗಿದೆ ಅಂದರೆ ಕೊಡಲು ಮನಸ್ಸೇ ಬರುತ್ತಿಲ್ಲ.

ಇಂತಿ,
ಅಮ್ಮ


ಮಾರ್ಚ್ ೧೭

ಅಮ್ಮ,

ಆ ಹಾಳೆಗಳನ್ನು ಎಸೆಯಬೇಡ. ಈ ಕಾಗದ ಕೈಗೆ ಸಿಕ್ಕ ತಕ್ಷಣ ರದ್ದಿ ಡಬ್ಬ ತೆಗೆದು ನೋಡು. ಅದರಲ್ಲಿ ಒಬ್ಬ ಹುಡುಗ ದೇವದೂತನ ಜೊತೆ ಪ್ರಯಾಣ ಹೋಗುವ ಕಥೆ ಇದೆಯಾ? ಹಿಂದೆ ಒಂದು ನಾಯಿ ಹೋಗುತ್ತದೆಯಾ?

ಇದ್ದರೆ, ಅಮ್ಮ, ಅದು ಆ ಏಳು ಪುಸ್ತಕಗಳಲ್ಲೊಂದು, ಹಿಂದೆ ಕಟ್ಟಿದವನು ಕುಡಿದಿರಲಿಲ್ಲ.

ನಿನ್ನ,
ವಕೀಲಮ್ಮ


ಏಪ್ರಿಲ್ ೨

ವಕೀಲಮ್ಮನಿಗೆ,

ನಾಯಿ ಇದೆ.

ನಿನ್ನ ಕಾಗದಕ್ಕಿಂತ ಮೊದಲೇ ಸ್ಟೇಷನ್ ಮಾಸ್ಟರ್ ಬಂದರು. ಪುಸ್ತಕ ಕೈಗೆ ಕೊಟ್ಟೆ. ತೂಗಿ ನೋಡಿದರು, ನಡುವೆ ತೆರೆದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಏನಮ್ಮ, ಗಾಡಿ ಬಂದಿದೆ, ನಡುವಿನ ಬೋಗಿಗಳು ಎಲ್ಲಿ?" ಅಂದರು. ನಾನು ಜಂಬದಿಂದ ನನ್ನ ಸಾಹಸ ಹೇಳಿಕೊಂಡೆ. ಅವರು ಪೂರ್ತಿ ಕೇಳಿಸಿಕೊಂಡು, "ನಮ್ಮಮ್ಮ ದಿನಾ ಬೆಳಿಗ್ಗೆ ಓದ್ತಾ ಇದ್ದದ್ದು ಅದೇ ಭಾಗ" ಅಂದರು. ಕೋಪ ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ರದ್ದಿ ಡಬ್ಬವನ್ನು ಇಬ್ಬರೂ ಕೂತು ಕೆದಕಿದೆವು. ಅವರು ನಿಮ್ಮ ಕಡೆಯವರೂ ಅಲ್ಲ, ನಮ್ಮ ಕಡೆಯವರೂ ಅಲ್ಲ. ಇನ್ನೊಂದು ಹಳೇ ಸಭೆಯವರು. "ನಾವು ಇವನ್ನ ಓದ್ತೀವಿ, ನಡತೆ ಕಲಿಯೋದಕ್ಕೆ. ಆದ್ರೆ ಇವುಗಳ ಮೇಲೆ ಸಿದ್ಧಾಂತ ಕಟ್ಟೋದಿಲ್ಲ" ಅಂದರು.

"ಹಾಗಾದ್ರೆ ಇದು ದೇವರ ಮಾತೋ ಅಲ್ವೋ, ಒಂದು ಹೇಳಿ" ಅಂದೆ.

"ಅದು ತೀರ್ಮಾನ ಆಗ್ದೇ ಇರೋದ್ರಿಂದಲೇ ನಡುವೆ ಇಟ್ಟಿರೋದು" ಅಂದರು. ರೈಲ್ವೆಯವರ ಉತ್ತರ. ಗಾಡಿ ತಡವಾಗಿದೆಯೋ ರದ್ದಾಗಿದೆಯೋ ಅಂತ ಕೊನೆಗೂ ಹೇಳುವುದಿಲ್ಲ.

ಒಂದು ಮನೆತನದವರು ಮೂರು ಥರ ಆಸ್ತಿ ಪತ್ರ ಇಟ್ಟುಕೊಂಡ ಹಾಗಾಯಿತಲ್ಲ ಅಂತ ನನಗೆ ಆಶ್ಚರ್ಯ. ಇಷ್ಟು ವರ್ಷ ಒಂದೇ ಬೀದಿಯಲ್ಲಿ ಓಡಾಡಿದ್ದೇವೆ, ಅವರ ಪುಸ್ತಕದೊಳಗೆ ಏನಿದೆ ಅಂತ ನನಗೆ ಗೊತ್ತಿರಲಿಲ್ಲ.

ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇನೆ. ಹಾಳೆಗಳನ್ನು ಡಬ್ಬದಲ್ಲಿ ತುರುಕಿದ್ದರಿಂದ ಮೂಲೆಗಳು ಮುರಿದಿವೆ, ಎಷ್ಟೋ ಕಡೆ ಪುಟದ ಸಂಖ್ಯೆಯೇ ಹೋಗಿದೆ. ಓದದೆ ಜೋಡಿಸುವ ಹಾಗಿಲ್ಲ. ಓದಿದೆ. ಆ ನಾಯಿಗೆ ಕಥೆಯಲ್ಲಿ ಒಂದು ಕೆಲಸವೂ ಇಲ್ಲ ನೋಡು, ಸುಮ್ಮನೆ ಜೊತೆಗೆ ಹೋಗುತ್ತದೆ, ಜೊತೆಗೆ ವಾಪಸು ಬರುತ್ತದೆ. ನನಗೆ ಅದು ತುಂಬ ಇಷ್ಟವಾಯಿತು. ನಿನ್ನ ಸೇನಾಪತಿಯೂ ಸಿಕ್ಕಿದ. ಕೈಯಲ್ಲಿ ಸೂಜಿ ಹಿಡಿದುಕೊಂಡೇ ಮತ್ತೆ ಮತ್ತೆ ಓದಿದೆ. ಇದು ದೇವರ ಮಾತು ಅಂತ ನನಗೆ ಅನ್ನಿಸಲಿಲ್ಲ, ಅಲ್ಲ ಅಂತಲೂ ಅನ್ನಿಸಲಿಲ್ಲ. ಅವನಿಗೆ ತನ್ನವರ ಮೇಲೆ ಪ್ರೀತಿ ಇತ್ತು ಅನ್ನುವುದು ಮಾತ್ರ ಗೊತ್ತಾಯಿತು.

ಈಗ ಒಂದು ಫಜೀತಿ. ಬಿಡಿಯಾಗಿದ್ದ ಒಂದು ಹಾಳೆ ಇಲ್ಲ. ರದ್ದಿ ಹಾಳೆಗಳನ್ನು ನಾನು ಪುಸ್ತಕದ ಬೆನ್ನಿಗೆ ಒಳಗಡೆಯಿಂದ ಅಂಟಿಸುತ್ತೇನೆ, ಗಟ್ಟಿಯಾಗಿರಲಿ ಅಂತ. ಆ ವಾರ ನಾನು ಬೆನ್ನು ಕಟ್ಟಿದ್ದು ಒಂದೇ ಪುಸ್ತಕಕ್ಕೆ. ನಮ್ಮ ಹಿರಿಯ ಸಹೋದರರ ಸತ್ಯವೇದಕ್ಕೆ.

ಇಂತಿ,
ಅಮ್ಮ


ಏಪ್ರಿಲ್ ೨೦

ಅಮ್ಮ,

ನಿನ್ನ ಅಳಿಯ ಕಾಗದ ಓದಿ ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ. ಪ್ರತಿ ಭಾನುವಾರ ಹಿರಿಯ ಸಹೋದರರು ನಮ್ಮ ಚರ್ಚನ್ನು ಬೈಯುವಾಗ ನಮ್ಮ ಪುಸ್ತಕದ ಒಂದು ಹಾಳೆ ಅವರ ಅಂಗೈಯಲ್ಲೇ ಇತ್ತಲ್ಲ. ಅದು ಸೇನಾಪತಿಯ ಹಾಳೆಯೇ ಆಗಿರಲಿ ಅಂತ ನನ್ನ ಆಸೆ. ಆದರೆ ಅದು ನಿನಗೆ ಆಗಲೇ ಸಿಕ್ಕಿದೆ ಅಂದೆಯಲ್ಲ. ಇರಲಿ.

ನಾನು ನಮ್ಮ ಗುರುಗಳ ಹತ್ತಿರ ಹೋಗಿದ್ದೆ. ಅಪ್ಪ ಎಲ್ಲಿದ್ದಾರೆ ಅಂತ ನೇರವಾಗಿ ಕೇಳಿದೆ. ಸತ್ತ ಮೇಲೆ ಆತ್ಮವನ್ನು ತೊಳೆದು ಶುದ್ಧ ಮಾಡುವ ಒಂದು ಸ್ಥಿತಿ ಇದೆ, ಅಲ್ಲಿರುವವರಿಗೆ ನಮ್ಮ ಪ್ರಾರ್ಥನೆ ಸಹಾಯ ಮಾಡುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಅಪ್ಪ ಅಲ್ಲಿದ್ದಾರೆ ಅಂತ ಅವರು ಹೇಳುತ್ತಾರೆ ಅಂದುಕೊಂಡಿದ್ದೆ. ಅವರು "ಗೊತ್ತಿಲ್ಲಮ್ಮ" ಅಂದುಬಿಟ್ಟರು. "ಯಾರು ಎಲ್ಲಿದ್ದಾರೆ ಅಂತ ಹೇಳೋ ಅಧಿಕಾರ ನನಗಿಲ್ಲ. ಗೊತ್ತಿಲ್ಲದೇ ಇರೋದಕ್ಕೇ ಬೇಡಿಕೊಳ್ಳೋದು" ಅಂದರು. ನನಗೆ ರೇಗಿತು. ಅಷ್ಟು ದೂರ ಬಸ್ಸಿನಲ್ಲಿ ಹೋಗಿದ್ದೆ.

ನಿನಗೆ ಒಂದು ನಿಜ ಹೇಳುತ್ತೇನೆ. ಇಲ್ಲಿ ಎಲ್ಲರೂ ಸಂತರನ್ನು ಬೇಡಿಕೊಳ್ಳುವಾಗ ನಾನು ತುಟಿ ಮಾತ್ರ ಅಲ್ಲಾಡಿಸುತ್ತೇನೆ. ಯಾರ ಶಿಫಾರಸೂ ಇಲ್ಲದೆ ನೇರವಾಗಿ ದೇವರನ್ನೇ ಕೇಳು ಅಂತ ನೀನು ಕಲಿಸಿದ್ದು ಒಳಗೆ ಹಾಗೇ ಇದೆ. ಆದರೆ ಸತ್ತವರ ಹೆಸರು ಓದುವಾಗ ನನಗೆ ಪರಕೀಯ ಅನ್ನಿಸುವುದಿಲ್ಲ. ಅದು ಯಾಕೆ ಅಂತ ನನಗೂ ಗೊತ್ತಿಲ್ಲ. ಹಿರಿಯ ಸಹೋದರರ ಹತ್ತಿರ ಹೋದಾಗ ಹಾಳೆಯ ಜೊತೆ ಅಪ್ಪನ ಬಗ್ಗೆ ನಿನ್ನ ಮನಸ್ಸಿನಲ್ಲಿರುವ ಪ್ರಶ್ನೆಯನ್ನೂ ಕೇಳಿಬಿಡು. ಮಂದಿರದಲ್ಲಿ ತಾನೇ ಹೆಂಗಸರು ಮಾತಾಡಬಾರದು, ಅವರ ಮನೆಯಲ್ಲಿ ಅಲ್ಲವಲ್ಲ.

ನಿನ್ನ,
ವಕೀಲಮ್ಮ


ಮೇ ೧೨

ವಕೀಲಮ್ಮನಿಗೆ,

ಹೋಗಿದ್ದೆ.

ಬಟ್ಟಲಲ್ಲಿ ನೀರು, ಹತ್ತಿ, ಚಪ್ಪಟೆ ಚಾಕು, ಇಷ್ಟು ತೆಗೆದುಕೊಂಡು ಹೋದೆ. ನಡೆದದ್ದನ್ನು ಹೇಳಿದೆ. ಅವರು ಪುಸ್ತಕ ತಂದು ಮೇಜಿನ ಮೇಲಿಟ್ಟರು. ನಾನು ಬೆನ್ನಿನ ಬಟ್ಟೆ ಬಿಡಿಸಿ, ಒದ್ದೆ ಹತ್ತಿ ಒತ್ತಿ, ಮೈದಾ ಅಂಟು ನೆನೆಯುವ ತನಕ ಕಾದೆ. ಅವರು ಪಕ್ಕದಲ್ಲೇ ಬಗ್ಗಿ ನಿಂತಿದ್ದರು, ಮಗುವಿನ ಕಾಲಿನ ಮುಳ್ಳು ತೆಗೆಯುವಾಗ ನಿಲ್ಲುವ ಹಾಗೆ. ಹಾಳೆ ಹರಿಯದೆ ಬಂತು.

ಏನಿತ್ತು ಗೊತ್ತಾ? ಬೇರೆಯವರ ಮನೆಗೆ ಊಟಕ್ಕೆ ಹೋದಾಗ ಎಲ್ಲರಿಗಿಂತ ಮೊದಲು ತಟ್ಟೆಗೆ ಕೈ ಹಾಕಬೇಡ, ಹೊಟ್ಟೆ ಬಿರಿಯುವ ಹಾಗೆ ತಿನ್ನಬೇಡ ಅನ್ನುವಂಥ ಬುದ್ಧಿಮಾತು. ಹಿರಿಯ ಸಹೋದರರ ಊಟದ ವೈಖರಿ ನಿನಗೆ ಗೊತ್ತೇ ಇದೆ. ಅವರ ಹೆಂಡತಿ ಬಾಗಿಲ ಹಿಂದಿನಿಂದ "ಆ ಹಾಳೆ ಅಲ್ಲೇ ಇರ್ಲಿ ಬಿಡಿ" ಅಂದರು. ಹಿರಿಯ ಸಹೋದರರಿಗೂ ನಗು ತಡೆಯಲಾಗಲಿಲ್ಲ. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ನಗುವಿನ ಧೈರ್ಯದ ಮೇಲೆ ಕೇಳಿಬಿಟ್ಟೆ. "ನನ್ನ ಯಜಮಾನರಿಗೋಸ್ಕರ ನಾನು ಪ್ರಾರ್ಥನೆ ಮಾಡಬಹುದಾ?"

ಅವರು ಕೂತರು. "ಬರೆದಿಲ್ಲದ್ದನ್ನ ಮಾಡಿ ಅಂತ ನಾನು ಹೇಳಲಾರೆ. ನಮ್ಮ ಮಗ ನೀರಲ್ಲಿ ಮುಳುಗಿ ಹೋದ, ನಿಮಗೆ ನೆನಪಿರಬಹುದು. ಅವನೂ ನಂಬಿರಲಿಲ್ಲ. ಅವತ್ತಿಂದ ಒಂದು ದಿನವೂ ಅವನ ಹೆಸರೆತ್ತಿ ಬೇಡಿಲ್ಲ. ಬೇಡಬೇಕು ಅನ್ನಿಸದ ದಿನವೂ ಇಲ್ಲ" ಅಂದರು.

ನಾನು ಇಷ್ಟು ವರ್ಷ ಅವರನ್ನು ಕಲ್ಲುಮನಸ್ಸಿನವರು ಅಂದುಕೊಂಡಿದ್ದೆ. ಅವರು ನಮಗೆ ಹೇಳಿದ್ದನ್ನೆಲ್ಲ ತಮ್ಮ ಮೇಲೂ ಹಾಕಿಕೊಂಡಿದ್ದರು.

ಆಮೇಲೆ ಅವರೇ ಮಾತು ಮುಂದುವರಿಸಿದರು. "ನಿಮ್ಮ ಯಜಮಾನರು ಬದುಕಿದ್ದಾಗ ನೀವು ಬೇಡ್ಕೊಂಡಿದ್ದೀರಲ್ಲ, ಅದನ್ನ ದೇವರು ಕೇಳಿಸಿಕೊಳ್ಳಲಿಲ್ಲ ಅಂತ ಯಾಕೆ ಅಂದ್ಕೋತೀರಿ? ಕೊನೇ ಗಳಿಗೆಯಲ್ಲಿ ಅವರ ಮನಸ್ಸಲ್ಲಿ ಏನಾಯ್ತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ಈ ಮಾತನ್ನ ಸಮಾಧಿ ಹತ್ರ ಹೇಳಬಹುದಿತ್ತಲ್ಲ" ಅಂದೆ. ನನ್ನ ಬಾಯಿಂದಲೇ ಬಂತು.

ಅವರು ತಲೆಯೆತ್ತಲಿಲ್ಲ. "ಹೇಳಬೇಕಿತ್ತು" ಅಂದರು.

ನಾನು ಹಾಳೆ, ಬಟ್ಟಲು, ಚಾಕು ಎತ್ತಿಕೊಂಡು ಬಂದುಬಿಟ್ಟೆ. ಹತ್ತಿ ಅಲ್ಲೇ ಮರೆತೆ. ನಿನ್ನ ಗುರುಗಳೂ ಗೊತ್ತಿಲ್ಲ ಅಂದರು, ಇವರೂ ಗೊತ್ತಿಲ್ಲ ಅಂದರು. ಒಬ್ಬರು ಅದಕ್ಕೇ ಬೇಡಿಕೋ ಅನ್ನುತ್ತಾರೆ, ಇನ್ನೊಬ್ಬರು ಅದಕ್ಕೇ ಬಿಟ್ಟುಬಿಡು ಅನ್ನುತ್ತಾರೆ. ನನಗೆ ಈಗ ಏನೂ ಬರೆಯಲು ತೋಚುತ್ತಿಲ್ಲ.

ಇಂತಿ,
ಅಮ್ಮ


ಜುಲೈ ೧

ಅಮ್ಮ,

ಎರಡು ಕಾಗದ ಬರೆದು ಹರಿದು ಹಾಕಿದೆ. ಸಮಾಧಾನ ಹೇಳಲು ಹೊರಟರೆ ನನ್ನ ಪಕ್ಷಕ್ಕೆ ಎಳೆದ ಹಾಗೆ ಕಾಣುತ್ತದೆ. ಸುಮ್ಮನಿದ್ದರೆ ನಿನ್ನನ್ನು ಒಂಟಿ ಬಿಟ್ಟ ಹಾಗೆ.

ಹೆಸರು ಇನ್ನೂ ಕೊಟ್ಟಿಲ್ಲ. ಪ್ರತಿ ತಿಂಗಳು ಓದುವಾಗ ಅಪ್ಪನ ಹೆಸರಿದ್ದ ಜಾಗದಲ್ಲಿ ನಾನು ಉಸಿರು ಹಿಡಿದುಕೊಳ್ಳುತ್ತೇನೆ. ನೀನು ಬೇಡ ಅಂದರೆ ಬೇಡ, ಅದಕ್ಕೆ ನನ್ನ ಮುನಿಸಿಲ್ಲ. ಆದರೆ ಹೂಂ, ಊಹೂಂ, ಏನಾದರೂ ಒಂದು ಬರೆ. ಚೆನ್ನಾಗಿದ್ದೀಯಾ ಅಂತಲಾದರೂ ಬರೆ.

ನಿನ್ನ,
ವಕೀಲಮ್ಮ


ಜುಲೈ ೧೪

ವಕೀಲಮ್ಮನಿಗೆ,

ಚೆನ್ನಾಗಿದ್ದೇನೆ. ಸ್ಟೇಷನ್ ಮಾಸ್ಟರ್ ಪುಸ್ತಕ ತೆಗೆದುಕೊಂಡು ಹೋದರು. ಮೊದಲಿಗಿಂತ ದಪ್ಪವಾಗಿದೆ, ಮುಚ್ಚಿದರೆ ಸ್ವಲ್ಪ ಬಾಯಿ ತೆರೆದುಕೊಂಡೇ ಇರುತ್ತದೆ. ಅದಕ್ಕಿಂತ ಚೆನ್ನಾಗಿ ನನ್ನಿಂದ ಆಗಲಿಲ್ಲ. ಅವರು ಅಲ್ಲೇ ಕೂತು ನಾಯಿಯ ಕಥೆ ಗಟ್ಟಿಯಾಗಿ ಓದಿದರು.

ನಿನಗೆ ಬರೆಯದೆ ಇದ್ದದ್ದು ಮುನಿಸಿನಿಂದಲ್ಲ. ನನ್ನ ಬೆಳಗಿನ ಪ್ರಾರ್ಥನೆ ಹೇಗಿರುತ್ತದೆ ಅಂತ ನಿನಗೆ ಗೊತ್ತು. ಒಲೆ ಹಚ್ಚುವ ಮುಂಚೆ ಅಡುಗೆಮನೆಯಲ್ಲಿ ನಿಂತು ಮನೆಯವರ ಹೆಸರು ಒಂದೊಂದಾಗಿ ಹೇಳುತ್ತೇನೆ. ಮದುವೆಯಾದಂದಿನಿಂದ ಮೊದಲ ಹೆಸರು ನಿಮ್ಮಪ್ಪನದೇ. ಅವರು ಹೋದ ಮೇಲೆ ದಿನಾ ಆ ಹೆಸರು ನಾಲಿಗೆ ತುದಿಗೆ ಬರುತ್ತದೆ, ನಾನು ನುಂಗಿಕೊಂಡು ನಿನ್ನ ಹೆಸರಿನಿಂದ ಶುರು ಮಾಡುತ್ತೇನೆ. ಸತ್ಯವಾಗಿ ಹೇಳುತ್ತೇನೆ, ಅವರನ್ನು ಮಣ್ಣಿಗಿಟ್ಟದ್ದಕ್ಕಿಂತ ಇದು ಹೆಚ್ಚು ನೋವು ಕೊಟ್ಟಿದೆ. ದಿನಾ ಬೆಳಿಗ್ಗೆ ನನ್ನ ಕೈಯಾರೆ ಅವರನ್ನು ಮನೆಯಿಂದ ಹೊರಗೆ ಕಳಿಸಿದ ಹಾಗೆ.

ನಿನ್ನ ಕಾಗದ ಬಂದ ಮಾರನೇ ದಿನ ನುಂಗಿಕೊಳ್ಳಲಿಲ್ಲ. ಹೆಸರು ಹೇಳಿದೆ. ಹೇಳಿ, ಒಲೆಯ ಕಟ್ಟೆ ಹಿಡಿದು ನಿಂತೆ. ಏನೂ ಆಗಲಿಲ್ಲ. ಪಕ್ಕದ ಮನೆಯವರು ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು.

ನಾನು ಬದಲಾದೆ ಅಂತ ನಿನ್ನ ಗಂಡನಿಗೆ ಹೇಳಬೇಡ. ನನ್ನ ಸತ್ಯವೇದದಲ್ಲಿ ಎಷ್ಟು ಪುಸ್ತಕವಿತ್ತೋ ಅಷ್ಟೇ ಇದೆ. ಇದು ಎಲ್ಲೂ ಬರೆದಿಲ್ಲ ಅನ್ನುವುದನ್ನೂ ನಾನು ಬಿಟ್ಟುಕೊಟ್ಟಿಲ್ಲ. ತಪ್ಪಾಗಿದ್ದರೆ ಆ ತಪ್ಪು ನನ್ನದು, ದೇವರು ನನ್ನನ್ನು ಕೇಳಲಿ, ಅವರನ್ನಲ್ಲ. ನೀನು ನಿಮ್ಮ ಗುರುಗಳಿಗೆ ಹೆಸರು ಕೊಡು. ಪೂರ್ತಿ ಹೆಸರು ಬರೆದುಕೊಡು, ಅರ್ಧಂಬರ್ಧ ಓದಿದರೆ ನಿಮ್ಮಪ್ಪನಿಗೆ ಆಗುತ್ತಿರಲಿಲ್ಲ.

ಏನು ಬೇಡಿಕೊಂಡೆ ಅಂತ ನೀನು ಕೇಳಿಯೇ ಕೇಳುತ್ತೀಯ, ವಕೀಲಮ್ಮ ಅಲ್ಲವಾ. ಕ್ಷಮಿಸು ಅಂತ ಕೇಳಲು ಬಾಯಿ ಬರಲಿಲ್ಲ. ಅದು ದೇವರಿಗೂ ಅವರಿಗೂ ನಡುವಿನ ಮಾತು. ನಾನು ಹೇಳಿದ್ದು ಇಷ್ಟೇ. ಕರ್ತನೇ, ಸತ್ತವರನ್ನೆಲ್ಲ ಎಬ್ಬಿಸುವ ದಿನ ಅವರನ್ನು ಎಬ್ಬಿಸಿದ ತಕ್ಷಣ ಏನೂ ವಿಚಾರಿಸಬೇಡ. ನಿದ್ದೆಯಿಂದ ಎದ್ದು ಸ್ವಲ್ಪ ಹೊತ್ತು ಅವರು ಯಾರ ಹತ್ತಿರವೂ ಸರಿಯಾಗಿ ಮಾತಾಡುವುದಿಲ್ಲ, ಸಿಡುಕುತ್ತಾರೆ. ಒಂದಿಷ್ಟು ಹೊತ್ತು ಸುಮ್ಮನೆ ಬಿಡು. ಆಮೇಲೆ ಏನು ಬೇಕಾದರೂ ಕೇಳು, ನಿಜವನ್ನೇ ಹೇಳುತ್ತಾರೆ.

ಇಂತಿ,
ಅಮ್ಮ